ಒಂದೇ ತರಂಗ, ಹಲವು ಯಂತ್ರ: ಭಯಕ್ಕಿಂತ ಅಳತೆ ಮುಖ್ಯ

ಮಳವಳ್ಳಿಯಿಂದ ಬನ್ನೂರು ಮಾರ್ಗವಾಗಿ ಮೈಸೂರಿಗೆ ಸಾಗುವ ರಸ್ತೆಯಲ್ಲಿ ಸಿಗುವ ಹೋಬಳಿ ಕೇಂದ್ರ ಕಿರುಗಾವಲು. ನೂರಾರು ದೇಸಿ ಭತ್ತದ ತಳಿಗಳನ್ನೂ ಹಳೆಯ ಮಾವಿನ ತೋಪನ್ನೂ ಕಾಪಾಡಿಕೊಂಡು ಬಂದ ರೈತ ಸಯ್ಯದ್ ಘನಿ ಖಾನ್ ಅವರಿಂದಾಗಿ ಈ ಊರಿನ ಹೆಸರು ಹೊರರಾಜ್ಯಗಳಿಗೂ ಪರಿಚಿತ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಹರಿದುಹೋಯಿತು. ಕಣ್ಣಿಗೆ ಕಾಣದ ಶಕ್ತಿಯೊಂದರ ಜೊತೆ ಬಾಳುವುದನ್ನು ಕರ್ನಾಟಕ ಕಲಿತದ್ದು ಈ ಸೀಮೆಯಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅಂತಹುದೇ ಮತ್ತೊಂದು ಶಕ್ತಿ ಹಳ್ಳಿ-ನಗರಗಳೆಂಬ ಭೇದವಿಲ್ಲದೆ ಮನೆಮನೆಗಳನ್ನು ಹೊಕ್ಕಿದೆ. ಈ ಬಾರಿ ತಂತಿಯೂ ಇಲ್ಲ. ರಾಜ್ಯದ ಯಾವುದೇ ಹೋಬಳಿ ಕೇಂದ್ರದ ಬೇಕರಿಯಲ್ಲಿ ತಿನಿಸು ಬಿಸಿ ಮಾಡುವ ಮೈಕ್ರೋವೇವ್ ಒಲೆ, ಪಕ್ಕದ ಮನೆಯ ವೈ-ಫೈ ಪೆಟ್ಟಿಗೆ, ಬೈಕ್ ಸವಾರನ ಕಿವಿಯ ಬ್ಲೂಟೂತ್ ಸಾಧನ, ಕಬ್ಬು-ಭತ್ತದ ಗದ್ದೆಗಳ ಮೇಲೆ ಔಷಧ ಸಿಂಪಡಿಸುವ ಅನೇಕ ಡ್ರೋನ್‌ಗಳ ನಿಯಂತ್ರಕ, ಇವೆಲ್ಲ ಬಳಸುವುದು ಒಂದೇ ಆವರ್ತನ ಪಟ್ಟಿಯನ್ನು. ಅದು 2.4 ಗಿಗಾಹರ್ಟ್ಸ್ ಆಸುಪಾಸಿನ ಸೂಕ್ಷ್ಮತರಂಗಗಳ ಪಟ್ಟಿ.

ಅನ್ನವನ್ನು ಎರಡು ನಿಮಿಷದಲ್ಲಿ ಬಿಸಿ ಮಾಡುವ ತರಂಗವೇ ಮಗುವಿನ ಕೋಣೆಯ ವೈ-ಫೈ ಪೆಟ್ಟಿಗೆಯಿಂದಲೂ ಹೊಮ್ಮುತ್ತದೆ ಎಂದಾಗ ಆತಂಕ ಮೂಡುವುದು ಸಹಜ. ಈ ಆತಂಕವೇ ಮುಂದುವರಿದು ಮೊಬೈಲ್ ಗೋಪುರಗಳ ವಿರುದ್ಧದ ಮನವಿಗಳಾಗಿ ಪಂಚಾಯಿತಿ ಕಚೇರಿಗಳನ್ನು ತಲುಪುತ್ತದೆ. 'ವಿಕಿರಣ ತಡೆ' ಸ್ಟಿಕ್ಕರ್‌ಗಳ ವ್ಯಾಪಾರವಾಗಿ ಮಾರುಕಟ್ಟೆಗೂ ಬರುತ್ತದೆ. ಈ ಭಯದಲ್ಲಿ ಎಷ್ಟು ಹುರುಳಿದೆ, ಎಷ್ಟು ತಪ್ಪು ಗ್ರಹಿಕೆಯಿದೆ ಎಂಬುದನ್ನು ಅಂಕಿಗಳ ಆಧಾರದಲ್ಲಿ ಪರಿಶೀಲಿಸುವುದು ಅಗತ್ಯ.

ಒಂದೇ ಪಟ್ಟಿ ಏಕೆ?

ಇಷ್ಟೊಂದು ಭಿನ್ನ ಸಾಧನಗಳು ಒಂದೇ ಆವರ್ತನದಲ್ಲಿ ಬಂದು ಸೇರಿದ್ದಕ್ಕೆ ಕಾರಣ ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ಕಾನೂನು. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗೆಂದು ಅಭಿವೃದ್ಧಿಗೊಂಡ ಮ್ಯಾಗ್ನೆಟ್ರಾನ್ ಕೊಳವೆಯಿಂದ ಆಹಾರ ಬೇಯಿಸಬಹುದೆಂಬುದನ್ನು ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಕಂಡುಕೊಂಡರು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಕೈಗಾರಿಕೆ, ವಿಜ್ಞಾನ ಹಾಗೂ ವೈದ್ಯಕೀಯ ಉಪಕರಣಗಳಿಗೆಂದು ಕೆಲವು ಆವರ್ತನಗಳನ್ನು ಮೀಸಲಿಟ್ಟಿತು. 2400ರಿಂದ 2500 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಅವುಗಳಲ್ಲೊಂದು. ಒಲೆಯಿಂದ ಸೋರುವ ಸದ್ದು ಸಂಪರ್ಕ ವ್ಯವಸ್ಥೆಗಳಿಗೆ ಅಡ್ಡಿಯಾಗದಿರಲಿ, ಆ ಗದ್ದಲವೆಲ್ಲ ಒಂದು ಮೂಲೆಯಲ್ಲಿರಲಿ ಎಂಬುದು ಇದರ ಹಿಂದಿನ ತರ್ಕ.

ಸಂಪರ್ಕ ಸೇವೆಗಳಿಗೆ ಬೇಡವಾಗಿದ್ದ ಈ ಪಟ್ಟಿಯನ್ನು ಪರವಾನಗಿಯಿಲ್ಲದ ಅಲ್ಪಶಕ್ತಿಯ ರೇಡಿಯೋ ಸಾಧನಗಳಿಗೆ 1985ರಲ್ಲಿ ಅಮೆರಿಕ ತೆರೆದಿಟ್ಟಿತು. ಅದರ ಫಲವಾಗಿ 1997ರಲ್ಲಿ ವೈ-ಫೈನ ಮೊದಲ ಮಾನಕ ಹೊರಬಂತು. ಬ್ಲೂಟೂತ್ ಅದರ ಬೆನ್ನಿಗೇ ಬಂತು. ಭಾರತ ಸರ್ಕಾರವು 2005ರ ಜನವರಿಯಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿ ಅಧಿಸೂಚನೆ ಹೊರಡಿಸಿತು. ಸಾಧನದ ಪ್ರಸಾರ ಶಕ್ತಿ ಗರಿಷ್ಠ 1 ವ್ಯಾಟ್, ಆಂಟೆನಾದ ಬಲವೂ ಸೇರಿದ ಪರಿಣಾಮಕಾರಿ ಶಕ್ತಿ ಗರಿಷ್ಠ 4 ವ್ಯಾಟ್ ಮೀರಕೂಡದು ಎಂಬ ಷರತ್ತನ್ನು ವಿಧಿಸಲಾಯಿತು. ಇಂದು ಗ್ರಾಮ ಪಂಚಾಯಿತಿಯ ಭಾರತ್‌ನೆಟ್ ಕೇಂದ್ರದಿಂದ ಹಿಡಿದು 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ.-ವಾಣಿ ಸಾರ್ವಜನಿಕ ವೈ-ಫೈ ಯೋಜನೆಯವರೆಗೆ ಎಲ್ಲಕ್ಕೂ ಪರವಾನಗಿರಹಿತ ಪಟ್ಟಿಗಳೇ ಆಧಾರ.

ಪಟ್ಟಿಯ ಎರಡೂ ಅಂಚುಗಳಲ್ಲಿ ಬೇರೆ ನಿವಾಸಿಗಳಿದ್ದಾರೆ. 2300ರಿಂದ 2400 ಮೆಗಾಹರ್ಟ್ಸ್‌ವರೆಗಿನ ಕೆಳಗಿನ ಭಾಗವನ್ನು 4ಜಿ ಮೊಬೈಲ್ ಸೇವೆಗೆ ಹರಾಜು ಹಾಕಲಾಗಿದೆ. ಮೇಲಿನ ಅಂಚಿನಲ್ಲಿ, 2492.028 ಮೆಗಾಹರ್ಟ್ಸ್‌ನಲ್ಲಿ, ಭಾರತದ್ದೇ ಆದ ನಾವಿಕ್ ಪಥದರ್ಶಕ ಉಪಗ್ರಹಗಳ ಸಂಕೇತಗಳು ಬರುತ್ತವೆ. ಆ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ. ವೈ-ಫೈನ ಮೇಲಿನ ಗಡಿಗೂ ಸಾವಿರಾರು ಕಿಲೋಮೀಟರ್ ಎತ್ತರದಿಂದ ಬರುವ ಆ ಕ್ಷೀಣ ಸಂಕೇತದ ನಡುಗಂಬಕ್ಕೂ ಇರುವ ಅಂತರ 9 ಮೆಗಾಹರ್ಟ್ಸ್‌ಗಿಂತಲೂ ಕಡಿಮೆ. ತರಂಗಗಳ ಲೋಕದಲ್ಲಿ ಜಾಗದ ಅಭಾವ ಎಷ್ಟಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗದ್ದಲದ ನಡುವೆ ಮಾತು

ಒಂದೇ ಪಟ್ಟಿಯಲ್ಲಿ ಹಲವು ಸಾಧನಗಳು ಕೆಲಸ ಮಾಡಿದರೆ ಅವು ಪರಸ್ಪರ ಅಡ್ಡಿಪಡಿಸುವುದಿಲ್ಲವೇ? ಪಡಿಸುತ್ತವೆ. ಆದರೆ ಅದನ್ನು ನಿಭಾಯಿಸುವ ಶಿಸ್ತನ್ನೂ ಅವುಗಳಲ್ಲಿ ಅಳವಡಿಸಲಾಗಿದೆ. ವೈ-ಫೈ ಸಾಧನವು ಮೊದಲು ಆಲಿಸಿ, ಬೇರೆ ಯಾರೂ ಪ್ರಸಾರ ಮಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆನಂತರ ತನ್ನ ದತ್ತಾಂಶ ಕಳುಹಿಸುತ್ತದೆ. ಸಾಂಪ್ರದಾಯಿಕ ಬ್ಲೂಟೂತ್ 79 ಕಿರು ವಾಹಿನಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತ, ದಟ್ಟಣೆಯಿರುವ ವಾಹಿನಿಗಳನ್ನು ಕೈಬಿಡುತ್ತದೆ.

ಮೈಕ್ರೋವೇವ್ ಒಲೆಗೆ ಇಂತಹ ಶಿಸ್ತಿಲ್ಲ. ಒಲೆ ಚಾಲನೆಯಲ್ಲಿರುವಾಗ ಅಡುಗೆಮನೆಯ ಸಮೀಪ ಅಂತರ್ಜಾಲ ನಿಧಾನವಾಗುವುದನ್ನು ಅನೇಕರು ಗಮನಿಸಿರುತ್ತಾರೆ. 50 ಹರ್ಟ್ಸ್ ವಿದ್ಯುತ್‌ನಿಂದ ನಡೆಯುವ ಸಾಮಾನ್ಯ ಒಲೆಯ ಮ್ಯಾಗ್ನೆಟ್ರಾನ್ ಪ್ರತಿ ಆವರ್ತದ ಅರ್ಧ ಭಾಗದಲ್ಲಷ್ಟೇ ಉರಿಯುತ್ತದೆ; ಉಳಿದ ಸುಮಾರು ನೂರನೇ ಒಂದು ಸೆಕೆಂಡಿನ ಬಿಡುವಿನಲ್ಲಿ ವೈ-ಫೈ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಒಲೆಯಿಂದ ದೂರದಲ್ಲಿ ಪೆಟ್ಟಿಗೆ ಇಡುವುದು ಅಥವಾ 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಾಯಿಸಿಕೊಳ್ಳುವುದು ಇದಕ್ಕೆ ಸುಲಭ ಪರಿಹಾರ.

ಈ ಅಡ್ಡಿ ಖಗೋಳ ವಿಜ್ಞಾನಿಗಳನ್ನೂ ಕಾಡಿದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದ ಆಗಾಗ ಕಾಣಿಸಿಕೊಳ್ಳುತ್ತಿದ್ದ ವಿಚಿತ್ರ ಸಂಕೇತಗಳ ಮೂಲ 2015ರಲ್ಲಿ ಪತ್ತೆಯಾಯಿತು. ಅಲ್ಲಿನ ಸಿಬ್ಬಂದಿ ಒಲೆಯ ಕೆಲಸ ಮುಗಿಯುವ ಮುನ್ನವೇ ಬಾಗಿಲು ತೆರೆದಾಗ ಕ್ಷಣಮಾತ್ರ ಹೊರಬೀಳುತ್ತಿದ್ದ ತರಂಗವೇ ಅದಾಗಿತ್ತು. ಅಡ್ಡಿ ನಿಜ. ಆದರೆ ದೂರದರ್ಶಕವನ್ನು ಕಾಡಬಲ್ಲ ಕ್ಷೀಣ ಸಂಕೇತ ಮನುಷ್ಯನ ದೇಹಕ್ಕೂ ಹಾನಿ ಮಾಡುತ್ತದೆಂದು ಭಾವಿಸುವುದು ತರ್ಕಬದ್ಧವಲ್ಲ. ಅದು ಬೇರೆಯೇ ಪ್ರಶ್ನೆ.

ಆವರ್ತನ ಒಂದೇ, ಶಕ್ತಿ ಬೇರೆ

ಮನೆಯ ಮೈಕ್ರೋವೇವ್ ಒಲೆ 700ರಿಂದ 1000 ವ್ಯಾಟ್ ಶಕ್ತಿಯನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿ ಆಹಾರದ ಮೇಲೆ ಸುರಿಯುತ್ತದೆ. ವೈ-ಫೈ ಪೆಟ್ಟಿಗೆ ಸಾಮಾನ್ಯವಾಗಿ ಪ್ರಸಾರ ಮಾಡುವುದು 0.1 ವ್ಯಾಟ್ ಆಸುಪಾಸು. ಕಿವಿಯ ಬ್ಲೂಟೂತ್ ಸಾಧನದ್ದು ಒಂದು ವ್ಯಾಟ್‌ನ ಸಾವಿರದ ಕೆಲವೇ ಭಾಗಗಳು. ಅಂದರೆ ಒಲೆಗೂ ವೈ-ಫೈಗೂ ನಡುವೆ ಸುಮಾರು 10 ಸಾವಿರ ಪಟ್ಟು ವ್ಯತ್ಯಾಸವಿದೆ. ಒಲೆಯ ಶಕ್ತಿ ಒಂದೆಡೆ ಕೇಂದ್ರೀಕೃತವಾದರೆ ವೈ-ಫೈನದು ಎಲ್ಲ ದಿಕ್ಕಿಗೂ ಹರಡಿಹೋಗುತ್ತದೆ. ದೇವರ ಮುಂದಿನ ನಂದಾದೀಪವೂ ಇಟ್ಟಿಗೆ ಗೂಡಿನ ಬೆಂಕಿಯೂ ಬೆಂಕಿಯೇ. ಎರಡರ ಬಿಸಿಯನ್ನು ಯಾರೂ ಒಂದೆಂದು ಎಣಿಸುವುದಿಲ್ಲ.

2.45 ಗಿಗಾಹರ್ಟ್ಸ್ ಎಂಬುದು ನೀರಿನ ಅಣುವಿಗೆ ಹೊಂದಿಕೊಂಡ ವಿಶೇಷ ಆವರ್ತನ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ನೀರು ಅತ್ಯಧಿಕವಾಗಿ ಹೀರಿಕೊಳ್ಳುವ ಆವರ್ತನ ಇದಕ್ಕಿಂತ ಹಲವು ಪಟ್ಟು ಮೇಲಿದೆ. ಕೈಗಾರಿಕೆಗಳ ದೊಡ್ಡ ಒಲೆಗಳು ಕೆಲವೆಡೆ 915 ಮೆಗಾಹರ್ಟ್ಸ್‌ನಲ್ಲೂ ಆಹಾರ ಬಿಸಿ ಮಾಡುತ್ತವೆ. ತರಂಗದ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆ ನೀರಿನ ಅಣುಗಳೂ ಹೊರಳಾಡಿ, ಆ ತಿಕ್ಕಾಟದಿಂದ ಶಾಖ ಹುಟ್ಟುತ್ತದೆ ಎಂಬುದಷ್ಟೇ ಸಂಗತಿ. ಶಾಖದ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ಶಕ್ತಿ.

ಒಲೆಯ ಸೋರಿಕೆಗೂ ಮಿತಿಯಿದೆ. ಅಮೆರಿಕದ ಮಾನದಂಡದ ಪ್ರಕಾರ ಒಲೆಯ ಆಯುಷ್ಯದುದ್ದಕ್ಕೂ 5 ಸೆಂಟಿಮೀಟರ್ ದೂರದಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ 5 ಮಿಲಿವ್ಯಾಟ್ ಮೀರುವಂತಿಲ್ಲ. ಒಲೆಯ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲ ಗಾಜಿನ ಹಿಂದಿನ ಲೋಹದ ಜಾಲರಿಯ ರಂಧ್ರ ಒಂದೆರಡು ಮಿಲಿಮೀಟರ್. ಬೆಳಕು ಹೊರಬಂದರೂ ಸೂಕ್ಷ್ಮತರಂಗ ಅಲ್ಲಿ ನುಸುಳಲಾರದು. ದೂರ ಹತ್ತು ಪಟ್ಟಾದರೆ ಶಕ್ತಿಯ ಸಾಂದ್ರತೆ ಸುಮಾರು ನೂರನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಮಿತಿಯಷ್ಟು ಸೋರುವ ಒಲೆಯಿಂದಲೂ ಅರ್ಧ ಮೀಟರ್ ದೂರದಲ್ಲಿ ನಿಂತವರಿಗೆ ತಾಗುವುದು ಪ್ರತಿ ಚದರ ಮೀಟರ್‌ಗೆ ಅರ್ಧ ವ್ಯಾಟ್ ಮಾತ್ರ. 0.1 ವ್ಯಾಟ್‌ನ ವೈ-ಫೈ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಸಿಗುವುದು ಪ್ರತಿ ಚದರ ಮೀಟರ್‌ಗೆ 0.008 ವ್ಯಾಟ್. ಈ ಆವರ್ತನಗಳಿಗೆ ಭಾರತ ಮೊಬೈಲ್ ಗೋಪುರಗಳ ವಿಷಯದಲ್ಲಿ ಅಳವಡಿಸಿಕೊಂಡ ಮಿತಿ ಪ್ರತಿ ಚದರ ಮೀಟರ್‌ಗೆ 1 ವ್ಯಾಟ್. ವೈ-ಫೈನದು ಅದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

'ವಿಕಿರಣ' ಎಂಬ ಪದವೂ ಗೊಂದಲ ಹೆಚ್ಚಿಸಿದೆ. ಕ್ಷ-ಕಿರಣ ಹಾಗೂ ಅಣುಸ್ಥಾವರದ ವಿಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಜೀವಕೋಶದ ವಂಶವಾಹಿಯನ್ನು ಘಾಸಿಗೊಳಿಸಬಲ್ಲವು. ವೈ-ಫೈ ತರಂಗದ ಒಂದು ಕಣದ ಶಕ್ತಿ ಗೋಚರ ಬೆಳಕಿನ ಕಣದ ಶಕ್ತಿಗಿಂತ ಸುಮಾರು 2 ಲಕ್ಷ ಪಟ್ಟು ಕಡಿಮೆ. ಹೀಗಾಗಿ ಎಲೆಕ್ಟ್ರಾನ್ ಕಿತ್ತು ಹಾಕುವ ಸಾಮರ್ಥ್ಯ ಅದಕ್ಕಿಲ್ಲ. ಖಚಿತವಾಗಿ ಸಿದ್ಧಪಟ್ಟ ಪರಿಣಾಮವೆಂದರೆ ಬಿಸಿಯೇರಿಸುವುದು. ಮಿತಿಗಳನ್ನು ನಿಗದಿ ಮಾಡಿರುವುದೂ ಆ ಆಧಾರದ ಮೇಲೆಯೇ.

ಸಂಶೋಧನೆಗಳು ಹೇಳುವುದೇನು?

ಹಾಗಾದರೆ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆಯಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ 31ರಂದು ರೇಡಿಯೋ ತರಂಗಗಳನ್ನು 'ಬಹುಶಃ ಕ್ಯಾನ್ಸರ್ ಕಾರಕವಾಗಿರಬಹುದಾದ' 2ಬಿ ವರ್ಗಕ್ಕೆ ಸೇರಿಸಿದ್ದು ನಿಜ. ಮೊಬೈಲನ್ನು ಅತಿ ಹೆಚ್ಚಾಗಿ ಬಳಸಿದವರಲ್ಲಿ ಮೆದುಳಿನ ಗೆಡ್ಡೆಯ ಪ್ರಮಾಣ ತುಸು ಹೆಚ್ಚಿರಬಹುದೆಂಬ ಸೀಮಿತ ಪುರಾವೆ ಆ ತೀರ್ಮಾನಕ್ಕೆ ಕಾರಣ. ಈ ವರ್ಗೀಕರಣ ಹೇಳುವುದು ಪುರಾವೆಯ ಬಲವನ್ನೇ ಹೊರತು ಅಪಾಯದ ಗಾತ್ರವನ್ನಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ವರ್ಗದಲ್ಲಿದೆ. ತಂಬಾಕು ಇರುವುದು ಮೊದಲ ವರ್ಗದಲ್ಲಿ.

ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮವು 2018ರಲ್ಲಿ ಪ್ರಕಟಿಸಿದ ಅಂತಿಮ ವರದಿಯಲ್ಲಿ, ದಿನಕ್ಕೆ 9 ತಾಸಿನಂತೆ ಎರಡು ವರ್ಷ ಕಾಲ ಇಡೀ ದೇಹಕ್ಕೆ ಅಧಿಕ ಪ್ರಮಾಣದ ತರಂಗ ಹಾಯಿಸಿದ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆಗಳು ಕಂಡುಬಂದವು. ಅದೇ ಪ್ರಯೋಗದಲ್ಲಿ ತರಂಗ ಹಾಯಿಸಿದ ಗಂಡು ಇಲಿಗಳು ಉಳಿದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ಈ ಫಲಿತಾಂಶವನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸಲಾಗದೆಂದು ಅಧ್ಯಯನಕಾರರೇ ಸ್ಪಷ್ಟಪಡಿಸಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದ ಸಮಗ್ರ ಪರಿಶೀಲನೆಯೊಂದು 2024ರಲ್ಲಿ ಪ್ರಕಟವಾಯಿತು. 22 ದೇಶಗಳ 63 ಅಧ್ಯಯನಗಳನ್ನು ಒರೆಗೆ ಹಚ್ಚಿದ ಆ ತಂಡ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಕಂಡುಬಂದಿಲ್ಲ, ಹತ್ತು ವರ್ಷ ಮೀರಿದ ಬಳಕೆಯಲ್ಲೂ ಅದು ಕಾಣಿಸಿಲ್ಲ ಎಂಬ ನಿರ್ಣಯಕ್ಕೆ ಬಂದಿತು. ಕಿವಿಗೆ ಒತ್ತಿಹಿಡಿದ ಮೊಬೈಲ್‌ನಲ್ಲೇ ಸಂಬಂಧ ಸಿಗದಿರುವಾಗ, ಅದಕ್ಕಿಂತ ಎಷ್ಟೋ ಕ್ಷೀಣವಾದ ವೈ-ಫೈ ಬಗ್ಗೆ ದಿಗಿಲುಗೊಳ್ಳಲು ಕಾರಣವಿಲ್ಲ. ವಿಜ್ಞಾನದಲ್ಲಿ 'ಸಂಪೂರ್ಣ ನಿರಪಾಯ' ಎಂಬ ಪ್ರಮಾಣಪತ್ರ ಯಾವುದಕ್ಕೂ ಸಿಗುವುದಿಲ್ಲ. ಮಕ್ಕಳ ದೀರ್ಘಕಾಲದ ಬಳಕೆಯಂತಹ ವಿಷಯಗಳಲ್ಲಿ ಅಧ್ಯಯನ ಮುಂದುವರಿಯಲೇಬೇಕು. ಆದರೆ ಅಧ್ಯಯನ ಮುಂದುವರಿದಿದೆ ಎಂಬುದನ್ನೇ ಅಪಾಯಕ್ಕೆ ಸಾಕ್ಷಿಯೆಂದು ಬಿಂಬಿಸುವುದು ಸರಿಯಲ್ಲ.

ಗೋಪುರ ಬೇಡವೆಂದರೆ ಏನಾಗುತ್ತದೆ?

ಸಾರ್ವಜನಿಕ ಆತಂಕ ಹೆಚ್ಚಾಗಿ ಕೇಂದ್ರೀಕೃತವಾಗಿರುವುದು ಮೊಬೈಲ್ ಗೋಪುರಗಳ ಮೇಲೆ. ನ್ಯಾಯಾಲಯಗಳ ನಿಲುವೂ ಏಕರೂಪವಾಗಿಲ್ಲ. ಶಾಲೆ, ಆಸ್ಪತ್ರೆಗಳ ಬಳಿಯ ಗೋಪುರಗಳನ್ನು ತೆರವುಗೊಳಿಸುವಂತೆ ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಆದೇಶಿಸಿತ್ತು. ಗ್ವಾಲಿಯರ್‌ನ ನಿವಾಸಿಯೊಬ್ಬರ ದೂರಿನ ಮೇಲೆ ಗೋಪುರವೊಂದನ್ನು ಸ್ಥಗಿತಗೊಳಿಸುವಂತೆ ಸುಪ್ರೀಂ ಕೋರ್ಟ್ 2017ರಲ್ಲಿ ಸೂಚಿಸಿತು. ಇತರ ಹಲವು ಹೈಕೋರ್ಟ್‌ಗಳು ಹಾನಿಯ ನಿರ್ಣಾಯಕ ಪುರಾವೆಯಿಲ್ಲವೆಂದು ಇಂತಹ ಅರ್ಜಿಗಳನ್ನು ತಳ್ಳಿಹಾಕಿವೆ. 2021ರಲ್ಲಿ 5ಜಿ ವಿರುದ್ಧ ನಟಿ ಜೂಹಿ ಚಾವ್ಲಾ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟ್ ವಜಾ ಮಾಡಿ 20 ಲಕ್ಷ ರೂಪಾಯಿ ದಂಡ ವಿಧಿಸಿತು. ಮರುವರ್ಷ ಅದನ್ನು 2 ಲಕ್ಷಕ್ಕೆ ಇಳಿಸಲಾಯಿತು. ಕೊರೋನಾ ಎರಡನೇ ಅಲೆಗೆ 5ಜಿ ಪರೀಕ್ಷೆಯೇ ಕಾರಣವೆಂಬ ವದಂತಿ ಹಬ್ಬಿದಾಗ, ದೇಶದಲ್ಲಿ ಅಂತಹ ಪರೀಕ್ಷೆಯೇ ಆರಂಭವಾಗಿಲ್ಲವೆಂದು ದೂರಸಂಪರ್ಕ ಇಲಾಖೆ 2021ರ ಮೇ ತಿಂಗಳಲ್ಲಿ ಸ್ಪಷ್ಟನೆ ನೀಡಬೇಕಾಯಿತು.

ಈ ಚರ್ಚೆಗಳಲ್ಲಿ ಮರೆಯಾಗುವ ಮುಖ್ಯ ಅಂಶವೊಂದಿದೆ. ಮೊಬೈಲ್ ಫೋನ್ ತನ್ನ ಪ್ರಸಾರ ಶಕ್ತಿಯನ್ನು ಗೋಪುರದ ದೂರಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಗೋಪುರ ಹತ್ತಿರವಿದ್ದರೆ ಪಿಸುಗುಟ್ಟುತ್ತದೆ, ದೂರವಿದ್ದರೆ ಕೂಗುತ್ತದೆ. 900 ಮೆಗಾಹರ್ಟ್ಸ್‌ನ ಹಳೆಯ 2ಜಿ ಫೋನಿನ ಗರಿಷ್ಠ ಶಕ್ತಿ ಕ್ಷಣಕಾಲಕ್ಕೆ 2 ವ್ಯಾಟ್. ಉತ್ತಮ ಸಂಕೇತವಿರುವಲ್ಲಿ ಅದು ನೂರಾರು ಪಟ್ಟು ತಗ್ಗಬಲ್ಲದು. ಗೋಪುರದ ತರಂಗ ದೂರದಿಂದ ಬರುತ್ತದೆ, ಫೋನಿನದು ಕೆನ್ನೆಯ ಮೇಲೆಯೇ ಹುಟ್ಟುತ್ತದೆ. ಆದ್ದರಿಂದ ಊರಿನ ಸಮೀಪ ಗೋಪುರ ಬೇಡವೆಂದು ತಡೆದರೆ ಆ ಊರಿನ ಜನರ ತಲೆಗೆ ತಾಗುವ ತರಂಗದ ಪ್ರಮಾಣ ಕಡಿಮೆಯಾಗುವ ಬದಲು ಹೆಚ್ಚಾಗುವ ಸಾಧ್ಯತೆಯೇ ಅಧಿಕ. ಜೊತೆಗೆ ಆಂಬುಲೆನ್ಸ್ ಕರೆ, ಪಡಿತರದ ಬೆರಳಚ್ಚು, ಮಕ್ಕಳ ಆನ್‌ಲೈನ್ ಪಾಠ, ಪಂಪ್‌ಸೆಟ್‌ನ ಮೊಬೈಲ್ ಸ್ಟಾರ್ಟರ್ ಎಲ್ಲದಕ್ಕೂ ಪರದಾಡಬೇಕಾಗುತ್ತದೆ.

ಇದರರ್ಥ ಕಂಪನಿಗಳು ಎಲ್ಲೆಂದರಲ್ಲಿ ಗೋಪುರ ನಿಲ್ಲಿಸಬಹುದೆಂದಲ್ಲ. ಭಾರತವು 2012ರ ಸೆಪ್ಟೆಂಬರ್ 1ರಿಂದ ಗೋಪುರಗಳ ತರಂಗ ಸಾಂದ್ರತೆಯ ಮಿತಿಯನ್ನು ಅಂತಾರಾಷ್ಟ್ರೀಯ ಮಾನದಂಡದ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಚದರ ಮೀಟರ್‌ಗೆ 0.45 ವ್ಯಾಟ್, 1800ರಲ್ಲಿ 0.9 ವ್ಯಾಟ್, 2000ಕ್ಕಿಂತ ಮೇಲೆ 1 ವ್ಯಾಟ್ ಎಂದು ನಿಗದಿಯಾಯಿತು. ಆಂಟೆನಾದ ಎದುರಿಗೆ ಅದೇ ಎತ್ತರದಲ್ಲಿ ಕಟ್ಟಡವಿರಬಾರದು. ಒಂದು ಆಂಟೆನಾ ಇದ್ದರೆ 20 ಮೀಟರ್, ಒಂದೇ ದಿಕ್ಕಿಗೆ ಎರಡಿದ್ದರೆ 35 ಮೀಟರ್ ಅಂತರ ಬೇಕೆಂದು ಇಲಾಖೆಯ ಮಾರ್ಗಸೂಚಿ ಹೇಳಿತು.

ಲೆಕ್ಕವೊಂದನ್ನು ನೋಡಬಹುದು. 20 ವ್ಯಾಟ್‌ನ ಒಂದು ವಾಹಕ, ಅದನ್ನು ಒಂದೇ ದಿಕ್ಕಿಗೆ 50 ಪಟ್ಟು ಕೇಂದ್ರೀಕರಿಸುವ ಆಂಟೆನಾ ಇದ್ದಲ್ಲಿ, ಅದರ ನೇರ ಎದುರಿಗೆ 50 ಮೀಟರ್ ದೂರದಲ್ಲಿ ಸಿಗುವುದು ಪ್ರತಿ ಚದರ ಮೀಟರ್‌ಗೆ ಸುಮಾರು 0.03 ವ್ಯಾಟ್. ಗೋಪುರದ ಬುಡದಲ್ಲಿ ಅದಕ್ಕಿಂತಲೂ ಕಡಿಮೆ, ಏಕೆಂದರೆ ತರಂಗದ ಮುಖ್ಯ ಧಾರೆ ತಲೆಯ ಮೇಲೆ ಹಾದುಹೋಗುತ್ತದೆ. ಆದರೆ ಒಂದೇ ಗೋಪುರದಲ್ಲಿ ಮೂರ್ನಾಲ್ಕು ಕಂಪನಿಗಳ ಹತ್ತಾರು ವಾಹಕಗಳು ಸೇರಿದಾಗ, ಎದುರಿನ ಮಹಡಿಯ ಕಿಟಕಿಯಲ್ಲಿ ಮೊತ್ತ ಎಷ್ಟಾಗುತ್ತದೆ ಎಂಬುದನ್ನು ಊಹೆಯಿಂದ ಹೇಳಲಾಗದು. ಅಳೆದೇ ತಿಳಿಯಬೇಕು. ನಿವಾಸಿಗಳ ಬೇಡಿಕೆ ನ್ಯಾಯವಾಗಿ ಇರಬೇಕಾದದ್ದು ಇಲ್ಲಿ.

ಅಳತೆಗೆ ವ್ಯವಸ್ಥೆ ಇಲ್ಲದಿಲ್ಲ. ಇಲಾಖೆಯ ಕ್ಷೇತ್ರ ಘಟಕಗಳು ವರ್ಷಕ್ಕೆ ಶೇ. 10ರವರೆಗಿನ ಗೋಪುರ ಕೇಂದ್ರಗಳನ್ನು ಯಾದೃಚ್ಛಿಕವಾಗಿ ಪರೀಕ್ಷಿಸಬೇಕೆಂಬ ನಿಯಮ ರೂಪುಗೊಂಡಿದೆ. 2017ರ ಮೇ ತಿಂಗಳಲ್ಲಿ 'ತರಂಗ್ ಸಂಚಾರ್' ಎಂಬ ಜಾಲತಾಣ ಆರಂಭವಾಯಿತು. ಗೋಪುರವು ಮಿತಿಗೆ ಒಳಪಟ್ಟಿದೆಯೇ ಎಂಬುದನ್ನು ಅದರ ಮೂಲಕ ತಿಳಿಯಬಹುದು, ಶುಲ್ಕ ಪಾವತಿಸಿ ಸ್ಥಳದಲ್ಲೇ ಅಳತೆ ಮಾಡಿಸಬಹುದು. ಆರಂಭದಲ್ಲಿ ಆ ಶುಲ್ಕವನ್ನು 4 ಸಾವಿರ ರೂಪಾಯಿ ಎಂದು ನಿಗದಿಪಡಿಸಲಾಗಿತ್ತು. ಕೂಲಿ ಮಾಡುವ ಕುಟುಂಬಕ್ಕೆ, ಆತಂಕ ನಿವಾರಣೆಗೆಂದು ತೆರಲು, ಇದು ಸಣ್ಣ ಮೊತ್ತವಲ್ಲ. ಸೌಲಭ್ಯವಿದೆ ಎಂಬ ತಿಳಿವಳಿಕೆಯೂ ನಗರಗಳ ಸುಶಿಕ್ಷಿತರನ್ನು ದಾಟಿ ಹೋಗಿಲ್ಲ.

ಕಾಣದ ಭಯ, ಕಾಣುವ ಅಪಾಯ

ತರಂಗದ ಭಯದಲ್ಲಿ ಮುಳುಗಿದವರು ಇದೇ ಸಾಧನಗಳ ನೈಜ ಅಪಾಯಗಳನ್ನು ಕಡೆಗಣಿಸುತ್ತಿರುವುದು ವಿಪರ್ಯಾಸ. ಮೈಕ್ರೋವೇವ್ ಒಲೆಯ ಒಳಗಿನ ಕೆಪಾಸಿಟರ್ ಸಾವಿರಾರು ವೋಲ್ಟ್ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಜೀವ ತೆಗೆಯಬಲ್ಲದು. ತರಬೇತಿಯಿಲ್ಲದೆ ಅದರ ಕವಚ ಬಿಚ್ಚುವುದು ಸಾವಿಗೆ ಆಹ್ವಾನ. ಶುದ್ಧ ನೀರನ್ನು ನುಣುಪಾದ ಲೋಟದಲ್ಲಿ ಅತಿಯಾಗಿ ಕಾಯಿಸಿದರೆ ಅದು ಕುದಿಯದೆಯೇ ಕುದಿಬಿಂದು ದಾಟಿ, ಚಮಚ ಅದ್ದಿದೊಡನೆ ಮುಖಕ್ಕೆ ಸಿಡಿಯುವುದುಂಟು. ಬಾಗಿಲ ತಿರುಗಣೆ ಸಡಿಲಗೊಂಡ, ಜಾಲರಿ ಹರಿದ ಒಲೆಯನ್ನು ಬಳಸಬಾರದು. ಹೃದಯದಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊಬೈಲನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕು. ಅಂಗಿಯ ಎದೆಜೇಬು ಅದಕ್ಕೆ ತಕ್ಕ ಜಾಗವಲ್ಲ.

'ವಿಕಿರಣ ತಡೆ' ಸ್ಟಿಕ್ಕರ್, ಚಿಪ್‌ಗಳ ವ್ಯಾಪಾರ ಇನ್ನೊಂದು ಬಗೆಯದು. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಂದಿನ ಅಧ್ಯಕ್ಷರು ಸಗಣಿಯಿಂದ ಮಾಡಿದ ಚಿಪ್ ಮೊಬೈಲ್ ವಿಕಿರಣವನ್ನು ತಗ್ಗಿಸುತ್ತದೆಂದು ಹೇಳಿದಾಗ, ನೂರಾರು ವಿಜ್ಞಾನಿಗಳು ಪುರಾವೆ ಕೇಳಿ ಪತ್ರ ಬರೆದಿದ್ದರು. ಇಂತಹ ತಡೆಗಳಲ್ಲಿ ಬಹುತೇಕ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಆಂಟೆನಾವನ್ನು ನಿಜವಾಗಿ ಮುಚ್ಚುವಂತಹವು ಫೋನನ್ನು ಇನ್ನಷ್ಟು ಜೋರಾಗಿ ಪ್ರಸಾರ ಮಾಡುವಂತೆ ಪ್ರೇರೇಪಿಸುತ್ತವೆ. ಸಂಕೇತ ದುರ್ಬಲವಿರುವೆಡೆ ಕೆಲವರು ಅಳವಡಿಸುವ ಅನಧಿಕೃತ 'ಬೂಸ್ಟರ್'ಗಳು ಕಾನೂನುಬಾಹಿರ. ಒಂದು ಮನೆಯ ಬೂಸ್ಟರ್ ಇಡೀ ಬೀದಿಯ ಕರೆಗಳನ್ನು ಕೆಡಿಸುತ್ತದೆ.

ಸಾಮಾನ್ಯ ಬಳಕೆದಾರರಿಗೆ ಸಾಧ್ಯವಿರುವ ಎಚ್ಚರಿಕೆಗಳು ಸರಳವಾಗಿವೆ. ದೇಶದಲ್ಲಿ ಮೊಬೈಲ್‌ಗಳು ದೇಹಕ್ಕೆ ಹಾಯಿಸಬಹುದಾದ ಶಕ್ತಿಯ ಮಿತಿ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್, ಇದೂ 2012ರ ಸೆಪ್ಟೆಂಬರ್‌ನಿಂದ ಬಂದದ್ದು. ಅನೇಕ ಫೋನ್‌ಗಳಲ್ಲಿ *#07# ಒತ್ತಿದರೆ ಆ ಅಂಕಿ ಕಾಣುತ್ತದೆ. ದೀರ್ಘ ಸಂಭಾಷಣೆಗೆ ಇಯರ್‌ಫೋನ್ ಅಥವಾ ಸ್ಪೀಕರ್ ಬಳಸುವುದು, ಸಂಕೇತ ದುರ್ಬಲವಾಗಿರುವಾಗ ಮಾತನ್ನು ಚುಟುಕಾಗಿಸುವುದು, ಮಲಗುವಾಗ ಫೋನನ್ನು ದಿಂಬಿನಡಿ ಇಡದಿರುವುದು ಇಷ್ಟು ಸಾಕು. ಗಮನಾರ್ಹ ಸಂಗತಿಯೆಂದರೆ ಬ್ಲೂಟೂತ್ ಸಾಧನ ಧರಿಸಿ ಮಾತನಾಡಿದರೆ ತಲೆಗೆ ತಾಗುವ ತರಂಗ ಕಡಿಮೆಯಾಗುತ್ತದೆ, ಏಕೆಂದರೆ ಫೋನ್ ತಲೆಯಿಂದ ದೂರವಿರುತ್ತದೆ.

ಆಗಬೇಕಾದದ್ದು

ತರಂಗಗಳ ದಟ್ಟಣೆ ಮುಂದೆ ಇನ್ನೂ ಹೆಚ್ಚಲಿದೆ. 5 ಗಿಗಾಹರ್ಟ್ಸ್‌ನ ಇನ್ನಷ್ಟು ಪಟ್ಟಿಗಳನ್ನು 2018ರಲ್ಲಿ ಪರವಾನಗಿಮುಕ್ತಗೊಳಿಸಲಾಯಿತು. 6 ಗಿಗಾಹರ್ಟ್ಸ್‌ನ ಕೆಳಭಾಗಕ್ಕೆ ಸಂಬಂಧಿಸಿದ ಕರಡು ನಿಯಮ 2025ರ ಮೇ ತಿಂಗಳಲ್ಲಿ ಹೊರಬಂತು. 2022ರ ಅಕ್ಟೋಬರ್‌ನಲ್ಲಿ 5ಜಿ, 2025ರ ಸೆಪ್ಟೆಂಬರ್‌ನಲ್ಲಿ ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ ಸೇವೆಗೆ ಚಾಲನೆ ದೊರೆತಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ಮಾರ್ಗಹಕ್ಕು ನಿಯಮಗಳು ಗೋಪುರ, ಕೇಬಲ್‌ಗಳ ಅನುಮತಿಗೆ ಕಾಲಮಿತಿ ವಿಧಿಸಿವೆ. ಅನುಮತಿ ತ್ವರಿತವಾದಂತೆ ಅಳತೆಯೂ ಸುಲಭವಾಗಬೇಕಲ್ಲವೇ?

ಈ ನಾಡಿಗೆ ಸೂಕ್ಷ್ಮತರಂಗ ವಿಜ್ಞಾನ ಹೊರಗಿನದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದ ರಾಜೇಶ್ವರಿ ಚಟರ್ಜಿ, ಪತಿ ಎಸ್.ಕೆ. ಚಟರ್ಜಿ ಅವರೊಡನೆ ಆ ಸಂಸ್ಥೆಯಲ್ಲಿ ಸೂಕ್ಷ್ಮತರಂಗ ಮತ್ತು ಆಂಟೆನಾ ಸಂಶೋಧನೆಗೆ ಭದ್ರ ಬುನಾದಿ ಹಾಕಿದರು. ಅವರಿಂದ ಕಲಿತ ತಲೆಮಾರುಗಳು ರಕ್ಷಣೆ, ಬಾಹ್ಯಾಕಾಶ ಸಂಸ್ಥೆಗಳಲ್ಲಿ ದುಡಿದಿವೆ. ಅಷ್ಟು ಜ್ಞಾನ ಬೆಂಗಳೂರಿನಲ್ಲಿ ಸಂಗ್ರಹವಾಗಿದ್ದರೂ, ನೂರಾರು ಕಿಲೋಮೀಟರ್ ಆಚೆಯ ಮಾತಿರಲಿ, ಮಂಡ್ಯ ಜಿಲ್ಲೆಯ ಹೋಬಳಿಯೊಂದಕ್ಕೂ ಸರಳ ಕನ್ನಡದಲ್ಲಿ ತಲುಪಿಲ್ಲವೆಂಬುದು ವಿಷಾದನೀಯ.

ಮಾಡಬೇಕಾದದ್ದು ದುಬಾರಿಯೂ ಅಲ್ಲ, ಅಸಾಧ್ಯವೂ ಅಲ್ಲ. ಗೋಪುರಕ್ಕೆ ಅನುಮತಿ ನೀಡುವ ಮುನ್ನ ಅದರ ಲೆಕ್ಕಾಚಾರದ ವಿವರ, ಚಾಲನೆಗೊಂಡ ಮೇಲೆ ನಡೆಸಿದ ಅಳತೆಯ ಫಲಿತಾಂಶ ಎರಡನ್ನೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಗ್ರಾಮಸಭೆ ಕೋರಿದಾಗ ಶುಲ್ಕವಿಲ್ಲದೆ ಅಳತೆ ನಡೆಯಬೇಕು. ಅದು ಜನರ ಸಮ್ಮುಖದಲ್ಲಿ ನಡೆಯಬೇಕು. ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳನ್ನು ಈ ಕೆಲಸಕ್ಕೆ ಬಳಸಿಕೊಳ್ಳಲು ಅಡ್ಡಿಯೇನೂ ಇಲ್ಲ. ಮಾಪಕದ ಮುಳ್ಳು ತೋರುವ ಅಂಕಿಯನ್ನು ಊರಿನವರೇ ಓದಿದ ದಿನ ವದಂತಿಗೆ ಅವಕಾಶ ಕಡಿಮೆಯಾಗುತ್ತದೆ. ಮಿತಿ ಮೀರಿದ ಕಂಪನಿಗೂ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಶಿವನಸಮುದ್ರದ ವಿದ್ಯುತ್ ನಾಡಿನ ಮನೆಗಳನ್ನು ಬೆಳಗಿದ್ದು ಜನ ಅದಕ್ಕೆ ಹೆದರದೆ ಇದ್ದುದರಿಂದ ಮಾತ್ರ ಅಲ್ಲ. ಫ್ಯೂಸ್, ಮೀಟರ್, ಅರ್ಥಿಂಗ್ ಎಂಬ ಕಾವಲುಗಳು ಅದರೊಂದಿಗೆ ಬಂದವು. ಅವುಗಳ ಅರ್ಥವನ್ನು ಸಾಮಾನ್ಯ ಜನರೂ ಕಲಿತರು. ತಂತಿಯಿಲ್ಲದ ಈ ಹೊಸ ಶಕ್ತಿಯ ವಿಷಯದಲ್ಲೂ ಸರ್ಕಾರ ಹಾಗೂ ಕಂಪನಿಗಳು ಅದೇ ಹೊಣೆಯನ್ನು ನಿರ್ವಹಿಸಬೇಕು. 'ಹೆದರಬೇಡಿ' ಎಂದು ಹೇಳುವ ಹಕ್ಕು ಅಳೆದು ತೋರಿಸಿದವರಿಗೆ ಮಾತ್ರ ಇರುತ್ತದೆ.